ಪದ ಪರಿಚಯ: ಕಾನ್‌ಬಾನ್

ಜಪಾನಿನಲ್ಲಿ ಅಂಗಡಿಯ ನಾಮಫಲಕಕ್ಕೆ ‘ಕಾನ್‌ಬಾನ್’ ಎನ್ನುತ್ತಾರೆ. ‘ಕಾನ್’ ಎಂದರೆ ನೋಡುವುದು, ‘ಬಾನ್’ ಎಂದರೆ ಹಲಗೆ. ಅದಕ್ಕೆ ಕಾರ್ಖಾನೆಯ ಅರ್ಥ ಕೊಟ್ಟವರು ಟೊಯೋಟಾದ ಎಂಜಿನಿಯರ್ ತಾಯಿಚಿ ಓನೊ. ಗಿರಾಕಿ ಎತ್ತಿಕೊಂಡಷ್ಟೇ ಸರಕನ್ನು ಮತ್ತೆ ತುಂಬುವ ಅಮೆರಿಕದ ಸೂಪರ್‌ಮಾರ್ಕೆಟ್‌ಗಳ ಕ್ರಮ ಅವರಿಗೆ ಹಿಡಿಸಿತ್ತು. ಅದೇ ಮಾದರಿಯಲ್ಲಿ ಬಿಡಿಭಾಗಗಳ ಪೆಟ್ಟಿಗೆಗೊಂದು ಚೀಟಿ, ಅದೇ ಕಾನ್‌ಬಾನ್: ಯಾವ ಭಾಗ, ಎಷ್ಟು, ಎಲ್ಲಿಗೆ. ಪೆಟ್ಟಿಗೆ ಬಳಕೆಗೆ ಬಂದಾಗ ಚೀಟಿ ಹಿಂದಿನ ವಿಭಾಗಕ್ಕೆ ಮರಳುತ್ತದೆ. ಚೀಟಿ ಬಾರದೆ ಹೊಸದನ್ನು ತಯಾರಿಸುವಂತಿಲ್ಲ.

ಈಗ ಕಚೇರಿಗಳಲ್ಲಿ ಕಾನ್‌ಬಾನ್ ಎಂದರೆ ‘ಮಾಡಬೇಕಾದ್ದು, ಮಾಡುತ್ತಿರುವುದು, ಮುಗಿದದ್ದು’ ಎಂಬ ಮೂರು ಅಂಕಣಗಳ ಬೋರ್ಡು. ಬಣ್ಣದ ಚೀಟಿ ಅಂಟಿಸಿದರೆ ಸಾಲದು, ನಡುವಿನ ಅಂಕಣಕ್ಕೆ ಮಿತಿ ಬೇಕು. ಮೂರು ಕೆಲಸ ಎಂದರೆ ಮೂರೇ. ಮಿತಿಯಿಲ್ಲದ ಬೋರ್ಡನ್ನು ಕಾನ್‌ಬಾನ್ ಎನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ. ಅದು ಬರೀ ಬಾಕಿ ಪಟ್ಟಿ.

ಬಳಕೆ: ‘ನನ್ನ ಕಾನ್‌ಬಾನ್ ತುಂಬಿದೆ, ಈ ವರದಿಯನ್ನು ನಾಳೆ ಎತ್ತಿಕೊಳ್ಳುತ್ತೇನೆ.’