ಅಕ್ಷರಪಟ್ಟಿಯ ಚಿನ್ನ: ಅಮೆರಿಕದ ಮಾದರಿ ರೈಲುಗಳಲ್ಲಿ ಡೆಕಾಲಿನ ಇತಿಹಾಸ

ಅಮೆರಿಕದ ರೈಲುಗಳನ್ನು ಕಿರುಪ್ರಮಾಣದಲ್ಲಿ ಮರುನಿರ್ಮಿಸುವ ಹವ್ಯಾಸದ ಬಗೆಗಿನ ಬರಹಗಳಲ್ಲಿ ಎಂಜಿನ್ನು, ಹಳಿ, ವಿದ್ಯುತ್ ನಿಯಂತ್ರಣಗಳಿಗೆ ದೊರೆಯುವಷ್ಟು ಗೌರವ ಬೋಗಿಯ ಮೈಮೇಲಿನ ಬರವಣಿಗೆಗೆ ದೊರೆತಿಲ್ಲ. ಅದನ್ನು ಕೊನೆಗೆ ಬಳಿಯುವ ಅಲಂಕಾರವೆಂಬಂತೆ ಒಂದೆರಡು ಮಾತಿನಲ್ಲಿ ಮುಗಿಸುವುದೇ ವಾಡಿಕೆ. ಪ್ರಯಾಣಿಕ ಬೋಗಿಗಳ ಮಟ್ಟಿಗೆ ಈ ವಾಡಿಕೆ ತಪ್ಪು ದಾರಿಗೆಳೆಯುತ್ತದೆ. ಒಂದೇ ಕಾರ್ಖಾನೆಯಲ್ಲಿ ಒಂದೇ ನಕ್ಷೆಯಂತೆ ತಯಾರಾದ ಬೋಗಿಗಳು ಹತ್ತಾರು ಕಂಪನಿಗಳ ಹಳಿಗಳ ಮೇಲೆ ಓಡುತ್ತಿದ್ದ ಕಾಲದಲ್ಲಿ, ಬೋಗಿ ಯಾರದು, ಯಾವ ವರ್ಷದ್ದು, ಯಾವ ಊರುಗಳ ನಡುವೆ ಓಡುತ್ತಿತ್ತು ಎಂಬುದನ್ನು ನೋಡುಗನಿಗೆ ತಿಳಿಸುತ್ತಿದ್ದುದು ಬಹುಮಟ್ಟಿಗೆ ಬಣ್ಣ ಮತ್ತು ಅಕ್ಷರ ಮಾತ್ರ. ಆ ಅಕ್ಷರಗಳನ್ನು ಹುಡುಕಿ, ಅಳೆದು, ಡೆಕಾಲ್ ಎಂಬ ತೆಳುಪೊರೆಯ ಮೇಲೆ ಮುದ್ರಿಸಿ, ನೀರಿನಲ್ಲಿ ನೆನೆಸಿ ಮಾದರಿಗೆ ಅಂಟಿಸುವ ಕೆಲಸವನ್ನು ಆದ್ದರಿಂದ ಕೈಕುಶಲವೆಂದಷ್ಟೇ ಅಲ್ಲ, ಒಂದು ಬಗೆಯ ಇತಿಹಾಸ ಸಂಶೋಧನೆಯೆಂದೂ ಪರಿಗಣಿಸಬೇಕಾಗುತ್ತದೆ.

ಈ ಬರವಣಿಗೆಗೆ ಬೋಗಿಯಲ್ಲಿ ನಿಗದಿಯಾದ ಜಾಗವಿತ್ತು. ಕಿಟಕಿಗಳ ಸಾಲಿನ ಮೇಲೆ, ಚಾವಣಿಯ ಅಂಚಿಗೆ ತಾಗಿದಂತೆ ಬೋಗಿಯ ಉದ್ದಕ್ಕೂ ಹಾಯುವ ಕಿರಿದಾದ ಫಲಕವನ್ನು ಅಕ್ಷರಪಟ್ಟಿ ಎನ್ನಬಹುದು. ಕಟ್ಟಿಗೆಯ ಬೋಗಿಗಳ ಕಾಲದಲ್ಲಿ ಅದರ ಮೇಲೆ ನುರಿತ ಬರಹಗಾರರು ಚಿನ್ನದ ರೇಕನ್ನು ಅಂಟಿಸಿ ಅಕ್ಷರ ಮೂಡಿಸಿ, ಅದರ ಮೇಲೆ ವಾರ್ನಿಷ್ ಎಳೆಯುತ್ತಿದ್ದರು. 1867ರಲ್ಲಿ ಜಾರ್ಜ್ ಪುಲ್ಮನ್ ಸ್ಥಾಪಿಸಿದ ಕಂಪನಿ ಮಲಗುವ ಬೋಗಿಗಳನ್ನು ತಾನೇ ಕಟ್ಟಿ, ತಾನೇ ಒಡೆತನ ಇಟ್ಟುಕೊಂಡು, ತನ್ನದೇ ಸಿಬ್ಬಂದಿಯೊಡನೆ ಬೇರೆ ಬೇರೆ ರೈಲ್ವೆಗಳ ಗಾಡಿಗಳಿಗೆ ಜೋಡಿಸುತ್ತಿದ್ದ ಕಾರಣ, ಅಕ್ಷರಪಟ್ಟಿಯ ನಡುವೆ ಹಳಿಯ ಒಡೆಯನ ಹೆಸರಿನ ಬದಲು ಪುಲ್ಮನ್ ಎಂಬ ಹೆಸರೇ ರಾರಾಜಿಸುತ್ತಿತ್ತು. 1910ರ ಹೊತ್ತಿಗೆ ಉಕ್ಕಿನ ಬೋಗಿಗಳು ಕಟ್ಟಿಗೆಯವುಗಳ ಸ್ಥಾನಕ್ಕೆ ಬಂದವು. ಮುಂದೆ ಡ್ಯೂಪಾಂಟ್ ಕಂಪನಿಯ ಡ್ಯೂಲಕ್ಸ್ ಎಂಬ ಎನಾಮಲ್ ಬಣ್ಣದ ಹಳದಿ ಛಾಯೆ ಚಿನ್ನದ ರೇಕಿಗೆ ಅಗ್ಗದ ಬದಲಿಯಾಯಿತು. ಪುಲ್ಮನ್ ಹಸಿರೆಂದು ಹೆಸರಾದ ಗಾಢ ಹಸಿರಿನ ಮೇಲೆ ನಿಜವಾದ ರೇಕು ಹೊಳೆಯುವ ಬಗೆಗೂ ಡ್ಯೂಲಕ್ಸ್ ಕಾಣುವ ಬಗೆಗೂ ಸ್ಪಷ್ಟ ವ್ಯತ್ಯಾಸವಿರುವುದರಿಂದಲೇ, ಹವ್ಯಾಸಿಗಳ ನಡುವೆ ಡ್ಯೂಲಕ್ಸ್ ಚಿನ್ನ ಎಂಬ ಮಾತು ಒಂದು ನಿರ್ದಿಷ್ಟ ಬಣ್ಣದ ಹೆಸರಾಗಿ ಇಂದಿಗೂ ಉಳಿದಿದೆ.

ಪುಲ್ಮನ್ ಬೋಗಿಗಳ ಇನ್ನೊಂದು ವಿಶೇಷ ಮಾದರಿಕಾರರಿಗೆ ಸಂತೋಷವನ್ನೂ ಸಂಕಟವನ್ನೂ ಒಟ್ಟಿಗೆ ತಂದಿತು. ಸರಕಿನ ಬೋಗಿಗೆ ಸಂಖ್ಯೆ ಸಾಕಾಗುತ್ತಿದ್ದರೆ, ಮಲಗುವ ಬೋಗಿಗೆ ಹೆಸರಿಡುವುದು ಪದ್ಧತಿಯಾಗಿತ್ತು. ಆ ಹೆಸರು ಕಿಟಕಿಗಳ ಕೆಳಗೆ, ಬೋಗಿಯ ಪಕ್ಕದ ನಟ್ಟನಡುವೆ ಬರೆಯಲ್ಪಡುತ್ತಿತ್ತು. ಒಳಗಿನ ಕೋಣೆಗಳ ವಿನ್ಯಾಸಕ್ಕೂ ಹೆಸರಿನ ಒಂದು ಭಾಗಕ್ಕೂ ಅನೇಕ ವೇಳೆ ನಂಟಿರುತ್ತಿತ್ತು: ಲೇಕ್ ಎಂಬ ಪದದಿಂದ ಆರಂಭವಾಗುವ ಹೆಸರು ಹತ್ತು ಸೆಕ್ಷನ್, ಒಂದು ಡ್ರಾಯಿಂಗ್ ರೂಮ್, ಎರಡು ಕಂಪಾರ್ಟ್‌ಮೆಂಟುಗಳ ಬೋಗಿಯನ್ನೂ, ಗ್ಲೆನ್ ಎಂಬುದು ಆರು ಕಂಪಾರ್ಟ್‌ಮೆಂಟ್ ಮತ್ತು ಮೂರು ಡ್ರಾಯಿಂಗ್ ರೂಮುಗಳ ಬೋಗಿಯನ್ನೂ ಸೂಚಿಸುತ್ತಿತ್ತು. ಸೆಕ್ಷನ್ ಎಂದರೆ ಹಗಲಿನಲ್ಲಿ ಎದುರುಬದುರು ಆಸನಗಳಾಗಿದ್ದು ರಾತ್ರಿ ಮೇಲೊಂದು ಕೆಳಗೊಂದು ಹಾಸಿಗೆಯಾಗುವ, ಪರದೆಯ ಮರೆಯಷ್ಟೇ ಇರುವ ಜಾಗ; ಉಳಿದೆರಡು ಬಾಗಿಲಿರುವ ಮುಚ್ಚಿದ ಕೋಣೆಗಳು. ಹೀಗಾಗಿ ಆರು ಕಂಪಾರ್ಟ್‌ಮೆಂಟಿನ ಕಿಟಕಿ ವಿನ್ಯಾಸವಿರುವ ಮಾದರಿಗೆ ಲೇಕ್ ಸರಣಿಯ ಹೆಸರನ್ನು ಅಂಟಿಸಿದರೆ ಬಲ್ಲವರು ತಕ್ಷಣ ಗುರುತಿಸಿಬಿಡುತ್ತಾರೆ. ಉಚ್ಛ್ರಾಯದ ದಿನಗಳಲ್ಲಿ ಒಂಬತ್ತು ಸಾವಿರಕ್ಕೂ ಹೆಚ್ಚು ಬೋಗಿಗಳನ್ನು ಓಡಿಸುತ್ತಿದ್ದ ಕಂಪನಿಯ ಎಲ್ಲ ಹೆಸರುಗಳನ್ನೂ ಯಾವ ಡೆಕಾಲ್ ತಯಾರಕನೂ ಮುದ್ರಿಸಿ ಇಟ್ಟುಕೊಳ್ಳಲಾರ. ಜನಪ್ರಿಯವಾದ ಕೆಲವನ್ನು ಮುದ್ರಿಸಿ, ಉಳಿದುದನ್ನು ಬಿಡಿ ಅಕ್ಷರಗಳ ಹಾಳೆಯ ಪಾಲಿಗೆ ಬಿಟ್ಟುಬಿಡುವುದು ಅನಿವಾರ್ಯವಾಗಿತ್ತು.

ಡೆಕಾಲ್ ತಂತ್ರವು ರೈಲು ಮಾದರಿಗಿಂತ ಬಹಳ ಹಳೆಯದು. ಹದಿನೆಂಟನೆಯ ಶತಮಾನದಲ್ಲಿ ಕಾಗದದ ಮೇಲಿನ ಮುದ್ರಣವನ್ನು ಪಿಂಗಾಣಿಗೆ ವರ್ಗಾಯಿಸುವ ಕಲೆ ಇಂಗ್ಲೆಂಡಿನಲ್ಲಿ ಬೆಳೆಯಿತು. ಹತ್ತೊಂಬತ್ತನೆಯ ಶತಮಾನದಲ್ಲಿ ವರ್ಗಾವಣೆ ಚಿತ್ರಗಳು ಮನೆಮಂದಿಯ ಗೀಳಾಗಿ ಹರಡಿದವು, ಸಿಂಗರ್ ಹೊಲಿಗೆ ಯಂತ್ರದ ಕಪ್ಪು ಮೈಮೇಲಿನ ಚಿನ್ನದ ಬಳ್ಳಿಗಳೂ ಈ ತಂತ್ರದಿಂದಲೇ ಮೂಡಿದವು. ಮಾದರಿಕಾರರ ಕೈಗೆ ಬಂದದ್ದು ಇದರ ನೀರುಜಾರು ರೂಪ. ಹೀರುವ ಗುಣದ ಕಾಗದಕ್ಕೆ ನೀರಿನಲ್ಲಿ ಕರಗುವ ಅಂಟನ್ನು ಬಳಿದು, ಅದರ ಮೇಲೆ ಪಾರದರ್ಶಕವಾದ ಲ್ಯಾಕರ್ ಪೊರೆಯನ್ನೆಳೆದು, ಆ ಪೊರೆಯ ಮೇಲೆ ಅಕ್ಷರಗಳನ್ನು ಮುದ್ರಿಸಲಾಗುತ್ತದೆ. ನೆನೆದಾಗ ಅಂಟು ಸಡಿಲಗೊಂಡು ಪೊರೆ ಕಾಗದದಿಂದ ಬೋಗಿಯ ಮೈಗೆ ಜಾರುತ್ತದೆ. ಗಾಢ ಬಣ್ಣದ ಮೇಲೆ ತಿಳಿಬಣ್ಣದ ಅಕ್ಷರ ಕಾಣಬೇಕಾದ್ದರಿಂದ ಶಾಯಿ ದಪ್ಪವಾಗಿ, ಒಳಗಿನ ಬಣ್ಣ ಇಣುಕದಂತೆ ಇರಬೇಕು. ಆದರೆ ದಪ್ಪ ಹೆಚ್ಚಿದಷ್ಟೂ ಸಣ್ಣ ಅಕ್ಷರದ ಅಂಚು ಮೊಂಡಾಗುತ್ತದೆ. ಈ ವಿರೋಧವನ್ನು ಎಷ್ಟರಮಟ್ಟಿಗೆ ಬಗೆಹರಿಸಿದರು ಎಂಬುದರ ಮೇಲೆಯೇ ತಯಾರಕರ ಹೆಸರು ನಿಂತಿತ್ತು.

ಸಂಘಟಿತ ಹವ್ಯಾಸವಾಗಿ ಮಾದರಿ ರೈಲು ರೂಪುಗೊಂಡುದು 1930ರ ದಶಕದಲ್ಲಿ, ಮುಖ್ಯವಾಗಿ ಮಿಲ್ವಾಕಿ ನಗರದಲ್ಲಿ. ವಿಲಿಯಂ ವಾಲ್ಥರ್ಸ್ ಅಲ್ಲಿ 1932ರಲ್ಲಿ ತಮ್ಮ ವ್ಯಾಪಾರವನ್ನು ಆರಂಭಿಸಿದರು. 1934ರ ಜನವರಿಯಲ್ಲಿ ಎ. ಸಿ. ಕಾಲ್ಮ್‌ಬಾಕ್ ಅವರ ‘ಮಾಡೆಲ್ ರೈಲ್‌ರೋಡರ್’ ಪತ್ರಿಕೆ ಹೊರಬಂದಿತು; ಮರುವರ್ಷ ರಾಷ್ಟ್ರೀಯ ಮಾದರಿ ರೈಲು ಸಂಘ ಹುಟ್ಟಿ ಗಾಲಿ, ಹಳಿಗಳ ಅಳತೆಗಳನ್ನು ಏಕರೂಪಗೊಳಿಸತೊಡಗಿತು. ಮೊದಲಿನವರು ಕುಂಚ ಅಥವಾ ಲೇಖನಿಯಿಂದ ಬರೆಯುತ್ತಿದ್ದ ಅಕ್ಷರಗಳ ಸ್ಥಾನವನ್ನು ವಾಲ್ಥರ್ಸ್ ಮುಂತಾದವರ ಡೆಕಾಲುಗಳು ಆಕ್ರಮಿಸಿದವು. ಬಹಳ ಜನಪ್ರಿಯವಾದ ಎಚ್‌ಒ ಪ್ರಮಾಣದಲ್ಲಿ, ಅಂದರೆ ನಿಜದ 87ನೆಯ ಒಂದು ಪಾಲಿನಷ್ಟರಲ್ಲಿ, ಆರು ಅಂಗುಲ ಎತ್ತರದ ಅಕ್ಷರವು 1.75 ಮಿಲಿಮೀಟರಿಗೆ ಇಳಿಯುತ್ತದೆಂಬುದನ್ನು ಗಮನಿಸಿದರೆ, ಕೈಬರಹ ಏಕೆ ಹಿಂದೆ ಸರಿಯಿತೆಂದು ಬೇರೆ ವಿವರಣೆ ಬೇಕಾಗದು. ಎರಡನೆಯ ಮಹಾಯುದ್ಧದ ನಂತರ ಜಪಾನಿನಿಂದ ಬಂದ ಹಿತ್ತಾಳೆಯ ಮಾದರಿಗಳು ಹೆಚ್ಚಾಗಿ ಬಣ್ಣವಿಲ್ಲದೆಯೇ ಮಾರಾಟವಾಗುತ್ತಿದ್ದುದರಿಂದ ಡೆಕಾಲಿನ ಬೇಡಿಕೆ ಮತ್ತಷ್ಟು ಏರಿತು. ನಾರ್ತ್ ಡಕೋಟಾದ ಮೈನಾಟ್ ಎಂಬ ಊರಿನಿಂದ ಬರುತ್ತಿದ್ದ ಚಾಂಪ್ ಡೆಕಾಲುಗಳೂ, ಕ್ಯಾಲಿಫೋರ್ನಿಯಾದ ಮೈಕ್ರೋಸ್ಕೇಲ್ ಸಂಸ್ಥೆಯ ಬಹು ತೆಳುವಾದ ಹಾಳೆಗಳೂ ಎರಡು ತಲೆಮಾರಿನ ಹವ್ಯಾಸಿಗಳ ಪೆಟ್ಟಿಗೆಗಳಲ್ಲಿ ಜಾಗ ಪಡೆದವು.

ಇಷ್ಟರಲ್ಲಿ ನಿಜವಾದ ರೈಲುಗಳ ವೇಷವೇ ಬದಲಾಗಿತ್ತು. 1934ರಲ್ಲಿ ಬರ್ಲಿಂಗ್ಟನ್ ರೈಲ್ವೆಯ ತುಕ್ಕುರಹಿತ ಉಕ್ಕಿನ ಜೆಫಿರ್ ಮತ್ತು ಯೂನಿಯನ್ ಪೆಸಿಫಿಕ್‌ನ ಎಂ-10000 ಎಂಬ ಗಾಳಿಸೀಳುವ ಆಕಾರದ ಗಾಡಿಗಳು ಕಾಣಿಸಿಕೊಂಡ ಮೇಲೆ, ಎಲ್ಲರಿಗೂ ಒಂದೇ ಹಸಿರು ಎಂಬ ಕಾಲ ಮುಗಿಯತೊಡಗಿತು. 1937ರ ಸದರ್ನ್ ಪೆಸಿಫಿಕ್ ಡೇಲೈಟ್ ಕೆಂಪು ಮತ್ತು ಕಿತ್ತಳೆ ಬಣ್ಣಗಳನ್ನು ತೊಟ್ಟಿತು. 1938ರ ಟ್ವೆಂಟಿಯತ್ ಸೆಂಚುರಿ ಲಿಮಿಟೆಡ್ ಗಾಡಿಗೆ ವಿನ್ಯಾಸಕ ಹೆನ್ರಿ ಡ್ರೈಫಸ್ ಎರಡು ಬೂದು ಛಾಯೆಗಳನ್ನೂ ತೆಳು ಗೆರೆಗಳನ್ನೂ ಯೋಜಿಸಿದರು. ಮಾದರಿಕಾರನಿಗೆ ಅಕ್ಷರಕ್ಕಿಂತ ಈ ಗೆರೆಗಳೇ ಕಠಿಣ. ಎಂಬತ್ತೈದು ಅಡಿಯ ಬೋಗಿ ಎಚ್‌ಒ ಪ್ರಮಾಣದಲ್ಲಿ ಹನ್ನೆರಡು ಅಂಗುಲಕ್ಕೆ ತುಸು ಕಡಿಮೆಯಾಗುತ್ತದೆ. ಅಷ್ಟು ಉದ್ದಕ್ಕೆ ಕೂದಲೆಳೆಯಂಥ ಗೆರೆಯನ್ನು ಬಾಗದಂತೆ, ಹಿಗ್ಗದಂತೆ ಕೂರಿಸಿ, ಅದು ಪಕ್ಕದ ಬೋಗಿಯ ಗೆರೆಗೆ ಸರಿಯಾಗಿ ಕೂಡುವಂತೆ ನೋಡಿಕೊಳ್ಳಬೇಕಾಗುತ್ತದೆ, ಏಕೆಂದರೆ ಇಡೀ ಗಾಡಿ ಒಂದೇ ವಸ್ತುವಾಗಿ ಕಾಣಬೇಕೆಂಬುದೇ ಮೂಲ ವಿನ್ಯಾಸಕರ ಉದ್ದೇಶವಾಗಿತ್ತು.

ಅಕ್ಷರದ ಕಾಲಗಣನೆಯಲ್ಲಿ ಬಹು ಮುಖ್ಯವಾದ ಗಡಿಯನ್ನು ಎಳೆದುದು ಮಾತ್ರ ಒಂದು ನ್ಯಾಯಾಲಯ. ಬೋಗಿ ಕಟ್ಟುವುದನ್ನೂ ಓಡಿಸುವುದನ್ನೂ ಒಂದೇ ಸಂಸ್ಥೆ ಹಿಡಿದಿಟ್ಟುಕೊಂಡಿರುವುದು ಏಕಸ್ವಾಮ್ಯವೆಂದು 1940ರಲ್ಲಿ ಸರ್ಕಾರ ಹೂಡಿದ ಮೊಕದ್ದಮೆಯಲ್ಲಿ ಪುಲ್ಮನ್ ಸೋತು, 1947ರಲ್ಲಿ ಮಲಗುವ ಬೋಗಿಗಳನ್ನು ಓಡಿಸುವ ವ್ಯವಹಾರವನ್ನು 57 ರೈಲ್ವೆಗಳ ಕೂಟಕ್ಕೆ ಮಾರಿತು. ಬೋಗಿಗಳ ಒಡೆತನ ಒಂದೊಂದು ರೈಲ್ವೆಗೆ ಹಂಚಿಹೋದಂತೆ ಅಕ್ಷರಪಟ್ಟಿಯ ನಡುವೆ ಆಯಾ ರೈಲ್ವೆಯ ಹೆಸರು ನೆಲೆಗೊಂಡು, ಪುಲ್ಮನ್ ಎಂಬ ಹೆಸರು ಚಿಕ್ಕದಾಗಿ ಪಟ್ಟಿಯ ತುದಿಗಳಿಗೆ ಸರಿಯಿತು. ಹೊಸ ಗಾಡಿಗಳಲ್ಲಿ ಈ ಬದಲಾವಣೆ ಅದಕ್ಕೆ ಮೊದಲೇ ಆರಂಭವಾಗಿತ್ತು. ಶಾಸನತಜ್ಞರು ಲಿಪಿಯ ತಿರುವುಗಳನ್ನು ನೋಡಿ ಕಾಲವನ್ನು ನಿರ್ಣಯಿಸುವಂತೆ, ತೇದಿಯಿಲ್ಲದ ಛಾಯಾಚಿತ್ರದ ಕಾಲವನ್ನು ಪುಲ್ಮನ್ ಹೆಸರಿನ ಗಾತ್ರ ಮತ್ತು ಸ್ಥಾನಗಳಿಂದ ಸುಮಾರಾಗಿ ಹೇಳಬಹುದು. 1968ರ ಕೊನೆಯಲ್ಲಿ ಪುಲ್ಮನ್ ಸೇವೆ ನಿಂತಿತು; 1971ರ ಮೇ 1ರಂದು ರಾಷ್ಟ್ರೀಯ ಪ್ರಯಾಣಿಕ ರೈಲು ಸಂಸ್ಥೆಯಾದ ಆಮ್‌ಟ್ರ್ಯಾಕ್ ಕಾರ್ಯಾರಂಭ ಮಾಡಿದಾಗ ಬಹುತೇಕ ರೈಲ್ವೆಗಳ ಪ್ರಯಾಣಿಕ ಗಾಡಿಗಳು ಅದರ ಕೈಸೇರಿದವು. ಬೇರೆ ಬೇರೆ ಕಂಪನಿಗಳ ಬಣ್ಣದ ಬೋಗಿಗಳು ಒಂದೇ ಗಾಡಿಯಲ್ಲಿ ಬೆರೆತು ಓಡಿದ ಆ ಕೆಲವು ವರ್ಷಗಳನ್ನು ಹವ್ಯಾಸಿಗಳು ಕಾಮನಬಿಲ್ಲಿನ ಯುಗ ಎನ್ನುತ್ತಾರೆ, ಮತ್ತು ಹತ್ತು ಬಗೆಯ ಡೆಕಾಲುಗಳನ್ನು ಕೊಳ್ಳಲು ಅದೊಂದು ಒಳ್ಳೆಯ ನೆಪವೂ ಹೌದು.

ಬೋಗಿಗಳು ಗುಜರಿ ಸೇರಿದ ಮೇಲೆ ಹುಡುಕಾಟ ಕಾಗದದತ್ತ ತಿರುಗಿತು. ಪುಲ್ಮನ್ ಕಂಪನಿಯ ದಫ್ತರಗಳು ಶಿಕಾಗೋದ ನ್ಯೂಬೆರಿ ಗ್ರಂಥಾಲಯದಲ್ಲೂ, ಕಾರ್ಖಾನೆಯ ಛಾಯಾಚಿತ್ರಗಳು ಸ್ಮಿತ್ಸೋನಿಯನ್ ಸಂಸ್ಥೆಯಲ್ಲೂ, ನಕ್ಷೆಗಳ ದೊಡ್ಡ ಸಂಗ್ರಹ ಇಲಿನಾಯ್ ರೈಲ್ವೆ ವಸ್ತುಸಂಗ್ರಹಾಲಯದಲ್ಲೂ ಉಳಿದುಬಂದವು. ಆರ್ಥರ್ ಡ್ಯುಬಿನ್ ಅವರ 1964ರ ‘ಸಮ್ ಕ್ಲಾಸಿಕ್ ಟ್ರೇನ್ಸ್’ ಗ್ರಂಥ ಮತ್ತು ಒಂದೊಂದು ರೈಲ್ವೆಗೂ ಮೀಸಲಾದ ಇತಿಹಾಸ ಸಂಘಗಳ ಪ್ರಕಟಣೆಗಳು ಈ ಸಾಮಗ್ರಿಯನ್ನು ಸಾಮಾನ್ಯ ಹವ್ಯಾಸಿಗೆ ತಲುಪಿಸಿದವು. ಛಾಯಾಚಿತ್ರವನ್ನು ಕಣ್ಣುಮುಚ್ಚಿ ನಂಬುವಂತಿರಲಿಲ್ಲ: ಹಳೆಯ ಛಾಯಾಚಿತ್ರ ಫಲಕಗಳಿಗೆ ಕೆಂಪು ಬೆಳಕು ತಾಗುತ್ತಿರಲಿಲ್ಲವಾದ್ದರಿಂದ ಪೆನ್ಸಿಲ್ವೇನಿಯಾ ರೈಲ್ವೆಯ ಟಸ್ಕನ್ ಕೆಂಪು ಬೋಗಿ ಚಿತ್ರದಲ್ಲಿ ಕಪ್ಪೆಂದೇ ತೋರುತ್ತದೆ. ಅಕ್ಷರದ ಎತ್ತರ ಮತ್ತು ನಡುವಿನ ಅಂತರಕ್ಕೆ ಕಂಪನಿಯ ಮೂಲನಕ್ಷೆ ಸಿಕ್ಕರೆ ಮಾತ್ರ ಪೂರ್ಣ ಭರವಸೆ. ಇಲ್ಲದಿದ್ದರೆ ಚಿತ್ರದಲ್ಲಿ ಅಳತೆ ಗೊತ್ತಿರುವ ಕಿಟಕಿಯನ್ನು ಹಿಡಿದು ಲೆಕ್ಕಹಾಕಬೇಕು.

ಅಂಟಿಸುವ ವಿಧಾನದಲ್ಲಿ ದಶಕಗಳಿಂದ ಮೂಲಭೂತ ಬದಲಾವಣೆ ಆಗಿಲ್ಲ. ಮಂಕು ಬಣ್ಣದ ಮೇಲ್ಮೈ ಕಣ್ಣಿಗೆ ಕಾಣದಷ್ಟು ಒರಟಾಗಿದ್ದು, ಅದರ ಗುಳಿಗಳಲ್ಲಿ ಸಿಕ್ಕಿಬಿದ್ದ ಗಾಳಿ ಪೊರೆಯ ಕೆಳಗೆ ಬೆಳ್ಳಿಯಂತೆ ಮಿನುಗುವುದರಿಂದ, ಮೊದಲು ಹೊಳಪಿನ ಲೇಪ ಕೊಡಲಾಗುತ್ತದೆ. ಅಕ್ಷರಪಟ್ಟಿಯ ಕೆಳಗೆ ಕಾಗದದ ಅಂಟುಪಟ್ಟಿಯನ್ನು ನೇರವಾಗಿ ಅಂಟಿಸಿ ಪಾದರೇಖೆ ಮಾಡಿಕೊಂಡು, ಹೆಸರಿನ ನಡುವಣ ಅಕ್ಷರವನ್ನು ಬೋಗಿಯ ನಡುವಿಗೆ ಕೂರಿಸಿ ಎರಡೂ ಕಡೆಗೆ ಸಾಗುವುದು ಅನುಭವಿಗಳ ಕ್ರಮ. ಎಡದಿಂದ ಆರಂಭಿಸಿದವನಿಗೆ ಕೊನೆಯ ಅಕ್ಷರದ ಹೊತ್ತಿಗೆ ಜಾಗ ಮಿಗುವುದೋ ಸಾಲದಾಗುವುದೋ ಖಚಿತ. ಅಂತರವನ್ನು ಅಳತೆಗೋಲಿಗಿಂತ ಕಣ್ಣಿಗೇ ಬಿಡುವುದು ಮೇಲು, ಏಕೆಂದರೆ ಇಳಿಜಾರು ಬದಿಗಳ ಅಕ್ಷರಗಳೂ ನೆಟ್ಟನೆಯ ಅಕ್ಷರಗಳೂ ಸಮಾನ ದೂರದಲ್ಲಿಟ್ಟರೆ ಅಸಮವಾಗಿ ಕಾಣುತ್ತವೆ. ಮನೆಯ ಇಕ್ಕಟ್ಟಾದ ತಿರುವುಗಳಲ್ಲಿ ಓಡಲೆಂದು ತಯಾರಕರು ಮೊಟಕುಗೊಳಿಸಿದ ಬೋಗಿಗಳಿಗಂತೂ ಪೂರ್ಣ ಉದ್ದದ ಹೆಸರನ್ನು ಕತ್ತರಿಸಿ ಮರುಜೋಡಿಸದೆ ಗತ್ಯಂತರವಿಲ್ಲ. ಪೊರೆಯನ್ನು ಮೆದುವಾಗಿಸಿ ರಿವೆಟ್ಟಿನ ಉಬ್ಬುಗಳಿಗೂ ಬಡ್ ಕಂಪನಿಯ ಬೋಗಿಗಳ ಉಕ್ಕಿನ ಏಣುಗಳಿಗೂ ಹೊಂದಿಸಲು ಮೈಕ್ರೋ ಸಾಲ್, ಅದಕ್ಕಿಂತ ಉಗ್ರವಾದ ಸಾಲ್ವಾಸೆಟ್ ಮುಂತಾದ ದ್ರಾವಣಗಳಿವೆ. ದ್ರಾವಣ ತಾಗಿದ ಪೊರೆ ಮೊದಲು ಸುಕ್ಕುಗಟ್ಟಿ ಹಾಳಾದಂತೆ ಕಂಡರೂ ಮುಟ್ಟದೆ ಬಿಟ್ಟರೆ ತಾನಾಗಿಯೇ ಬಿಗಿಯುತ್ತದೆ. ಕೊನೆಗೆ ಒಂದು ಮಂಕು ಲೇಪವು ಪೊರೆಯ ಅಂಚನ್ನು ಮರೆಸುತ್ತದೆ.

ಸಿಲಿಕೋನ್ ದಿಂಬಿನಿಂದ ಕಾರ್ಖಾನೆಯಲ್ಲೇ ನೇರವಾಗಿ ಮುದ್ರಿಸುವ ಪದ್ಧತಿ ಉತ್ತಮಗೊಂಡಂತೆ ಸಿದ್ಧ ಮಾದರಿಗಳು ಮಾರುಕಟ್ಟೆಯನ್ನು ತುಂಬಿದವು, ಡೆಕಾಲಿನ ಕೆಲಸ ಅಪರೂಪದ ಬೋಗಿಗಳಿಗೆ ಸೀಮಿತವಾಗುತ್ತ ಬಂತು. ಹಕ್ಕಿನ ಪ್ರಶ್ನೆಯೂ ಎದ್ದಿತು. ತಾನು ನುಂಗಿಹಾಕಿದ ಸದರ್ನ್ ಪೆಸಿಫಿಕ್‌ನಂಥ ಹಳೆಯ ರೈಲ್ವೆಗಳ ಚಿಹ್ನೆಗಳೂ ಸೇರಿದಂತೆ ತನ್ನ ಹೆಸರುಗಳ ಬಳಕೆಗೆ ಮಾದರಿ ತಯಾರಕರು ಶುಲ್ಕ ತೆರಬೇಕೆಂದು ಯೂನಿಯನ್ ಪೆಸಿಫಿಕ್ ಪಟ್ಟುಹಿಡಿದು, 2004ರಲ್ಲಿ ಲಯೊನೆಲ್ ಮತ್ತು ಆಥರ್ನ್ ಕಂಪನಿಗಳ ಮೇಲೆ ದಾವೆ ಹೂಡಿತು. 2006ರಲ್ಲಿ ಎಂಟಿಎಚ್ ಎಂಬ ತಯಾರಕರೊಡನೆ ಒಪ್ಪಂದಕ್ಕೆ ಬಂದು ಶುಲ್ಕದ ಬೇಡಿಕೆಯನ್ನು ಕೈಬಿಟ್ಟಿತು. ಅಳಿದ ರೈಲ್ವೆಗಳ ಅಕ್ಷರರೂಪಗಳನ್ನು ಅವುಗಳ ವಾರಸುದಾರರಿಗಿಂತ ಶ್ರದ್ಧೆಯಿಂದ ಕಾಪಾಡಿದವರು ಈ ಚಿಕ್ಕ ತಯಾರಕರು ಎಂಬುದನ್ನು ಗಮನಿಸಿದರೆ, ಆ ವ್ಯಾಜ್ಯ ಅಲ್ಲಿಗೇ ನಿಂತದ್ದು ನ್ಯಾಯವೇ ಸರಿ.

ಸಾಧಾರಣ ಮನೆ ಮುದ್ರಕಗಳಿಗೆ ಬಿಳಿ ಮತ್ತು ಲೋಹದ ಬಣ್ಣಗಳನ್ನು ಮುದ್ರಿಸಲು ಬಾರದಿದ್ದ ಕಾಲದಲ್ಲಿ, ಮೇಣದಂಥ ಶಾಯಿಯ ಪಟ್ಟಿಯಿಂದ ಅವೆರಡನ್ನೂ ಮುದ್ರಿಸಬಲ್ಲ ಜಪಾನಿನ ಆಲ್ಪ್ಸ್ ಯಂತ್ರಗಳು ಬೇಡಿಕೆಗೆ ತಕ್ಕಂತೆ ಒಂದೊಂದೇ ಹಾಳೆ ಮುದ್ರಿಸಿಕೊಡುವ ಹೊಸ ವರ್ಗವನ್ನು ಹುಟ್ಟಿಸಿದವು. ಆ ಯಂತ್ರಗಳ ತಯಾರಿಕೆ ನಿಂತ ಮೇಲೂ ಹಳೆಯವನ್ನು ರಿಪೇರಿ ಮಾಡಿಕೊಂಡು ದುಡಿಸಿದವರಿದ್ದರು. ಬಳಿಕ ಬಿಳಿ ಟೋನರಿನ ಲೇಸರ್ ಮುದ್ರಕಗಳು ಆ ಕೆಲಸವನ್ನು ವಹಿಸಿಕೊಂಡವು. ಮುಚ್ಚಿಹೋದ ತಯಾರಕರ ಹಳೆಯ ಹಾಳೆಗಳಿಗೂ ಈಗ ಬೇಡಿಕೆಯುಂಟು, ಆದರೆ ಕಾಲಕ್ರಮದಲ್ಲಿ ಪೊರೆ ಹಳದಿಗಟ್ಟಿ ಬಿರುಕು ಬಿಟ್ಟಿರುವ ಸಾಧ್ಯತೆ ಇರುವುದರಿಂದ, ಬೇಡದ ಒಂದು ಅಕ್ಷರವನ್ನು ಮೊದಲು ನೀರಿಗೆ ಬಿಟ್ಟು ನೋಡಿ, ಅದು ಚೂರಾದರೆ ಉಳಿದ ಹಾಳೆಗೆ ದ್ರವರೂಪದ ಪೊರೆಯನ್ನು ಬಳಿದು ಒಣಗಿಸಿದ ನಂತರವೇ ಕತ್ತರಿ ಹಾಕುವುದು ರೂಢಿಯಾಗಿದೆ. ಹಾಗೆ ಬಳಿದ ಮೇಲೆ ಹಾಳೆಯ ಮೂಲ ಪೊರೆಯ ಅಂಚುಗಳು ಮರೆಯಾಗಿ ಎಲ್ಲವೂ ಒಂದೇ ಪೊರೆಯಾಗುವುದರಿಂದ, ಪ್ರತಿ ಅಕ್ಷರವನ್ನೂ ಬಿಡಿಬಿಡಿಯಾಗಿ, ಅದರ ಅಂಚಿಗೆ ಆದಷ್ಟೂ ಹತ್ತಿರದಲ್ಲಿ ಕತ್ತರಿಸಬೇಕಾಗುತ್ತದೆ.