ಯಾರಿವರು, ಯಾಕ ಬಂದಾರ?

ಅಥಣಿ ತಾಲ್ಲೂಕಿನ ನಮ್ಮ ಅನಂತಪುರದಲ್ಲಿ ಹೊಸಬರಿಗೆ ಪಾರಿಜಾತದ ಆಟ ಕಲಿಸುವಾಗ ನಾನು ಮಾತು ಬಾಯಿಪಾಠ ಮಾಡಿಸುವುದಿಲ್ಲ. ಮೊದಲು ಪ್ರಶ್ನೆ ಕೇಳುತ್ತೇನೆ. ಹೀಗೆ ಪ್ರಶ್ನೆ ಕೇಳುವುದು ಈ ಸಣ್ಣಾಟದ, ಅಂದರೆ ಜನಪದ ನಾಟಕದ, ಹಳೆಯ ರೂಢಿ. ಅಪರಾಳ ತಮ್ಮಣ್ಣನ ಶ್ರೀಕೃಷ್ಣ ಪಾರಿಜಾತವನ್ನು ಗೋಕಾಕ ಸೀಮೆಯ ಕುಲಗೋಡ ತಮ್ಮಣ್ಣ ರಂಗಕ್ಕೆ ಒಗ್ಗಿಸಿದ. ಮುಂದೆ ಕೌಜಲಗಿ ನಿಂಗಮ್ಮ ಅದನ್ನು ಮನೆಮಾತಾಗಿಸಿದರು.

ಪಾತ್ರ ರಂಗಕ್ಕೆ ಬಂದೊಡನೆ ಆಟ ನಡೆಸುವ ಭಾಗವತ ತಡೆದು ವಿಚಾರಿಸುತ್ತಾನೆ: ಯಾರು, ಯಾವ ಊರು, ಯಾಕೆ ಬಂದಿರಿ? ಹಾಡು ಮೊದಲೇ ಕಟ್ಟಿದ್ದು, ಮಾತು ಮಾತ್ರ ಅಲ್ಲೇ ಹುಟ್ಟಬೇಕು. ಪಾರಿಜಾತದ ಹೂವು ಸವತಿ ರುಕ್ಮಿಣಿಯ ಪಾಲಾದ ಸುದ್ದಿ ಕೇಳಿದ ಸತ್ಯಭಾಮೆಯ ಪಾತ್ರಧಾರಿಯನ್ನು ಕೇಳುತ್ತೇನೆ:

“ಯಾಕವಾ, ಹೂವಿಗೆ ಸಿಟ್ಟೋ, ಮಾನಕ್ಕ ಸಿಟ್ಟೋ?”

“ಮಾನಕ್ಕರೀ.”

“ಹಂಗಾದ್ರ ಹೂವಿನ ಸುದ್ದಿ ಬಿಡು, ರುಕ್ಮಿಣಿ ಸುದ್ದಿ ತಗಿ.”

ಪಾತ್ರ ಅಲ್ಲಿಂದ ಎದ್ದು ನಿಲ್ಲುತ್ತದೆ. ಕೃಷ್ಣ ಕೊರವಂಜಿಯಾಗಿ ಬರುವ ಭಾಗ ಇನ್ನೂ ಕಠಿಣ: ಕಣಿ ಹೇಳುವ ಮಾತಿನ ಸಂದಿಯಲ್ಲಿ ಕೃಷ್ಣನ ತುಂಟತನ ಇಣುಕಬೇಕು.

ಹೀಗೆ ಮಾತಿನಿಂದ ಪಾತ್ರ ಕಟ್ಟುವುದು ನಮ್ಮಲ್ಲಷ್ಟೇ ಅಲ್ಲ. 1974ರಲ್ಲಿ ಅಮೆರಿಕದಲ್ಲಿ ಬಂದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದಲ್ಲೂ ಮೇಜಿನ ಸುತ್ತ ಕೂತವರು ಪಾತ್ರ ಕಟ್ಟಿಕೊಂಡು ಮಾತಾಡುತ್ತಾರೆ, ದಾಳ ಹಾಕುತ್ತಾರೆ. ಅವರಿಗೂ ನಮ್ಮ ಹುಡುಗರಿಗೂ ನನ್ನ ಪಾಠ ಒಂದೇ: ಪಾತ್ರದ ಶಕ್ತಿಯ ಪಟ್ಟಿ ಆಮೇಲೆ; ಅದರ ಒಂದು ಆಸೆ, ಒಂದು ಕುಂದು ಮೊದಲು ಹುಡುಕಿ.