ಕಟ್ಟಿದವರು ಹೋದರು, ಶಾಲೆ ಉಳಿಯಿತು: ಕೋಲ್ಕತ್ತದ ಯಹೂದಿಗಳ ಕಥೆ



ಯಹೂದಿ ಎಂಬ ಪದ ಕೇಳಿದೊಡನೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಪ್ಯಾಲೆಸ್ತೀನ್. ಅಲ್ಲಿನ ಜನರ ನೋವು ನಮ್ಮ ನೋವೂ ಹೌದು. ಆದರೆ ಒಂದು ಸರಕಾರ ಮಾಡುವುದನ್ನು ಇಡೀ ಸಮುದಾಯದ ತಲೆಗೆ ಕಟ್ಟುವುದು ನ್ಯಾಯವಲ್ಲ. ಇತರರು ನಮ್ಮನ್ನು ಹಾಗೆ ನೋಡಿದಾಗ ಎಷ್ಟು ನೋವಾಗುತ್ತದೆ ಎಂಬುದನ್ನು ಬಲ್ಲವರು ನಾವು. ಕುರ್‌ಆನ್ ಯಹೂದಿಗಳನ್ನು ‘ಅಹ್ಲೆ ಕಿತಾಬ್’, ಅಂದರೆ ಗ್ರಂಥದವರು ಎಂದು ಕರೆದಿದೆ. ನಮ್ಮದೇ ದೇಶದ ಕೋಲ್ಕತ್ತ ನಗರದಲ್ಲಿ ಇಂಥ ಒಂದು ಸಣ್ಣ ಸಮುದಾಯ ಎರಡು ಶತಮಾನ ಬಾಳಿತು. ಅದು ಏನು ಕಟ್ಟಿತು, ಏನು ಉಳಿಸಿ ಹೋಯಿತು ಎಂಬುದು ವಿದ್ಯಾಸಂಸ್ಥೆಗಳನ್ನು ನಡೆಸುವ ನಮಗೆ ತಿಳಿದಿರಬೇಕಾದ ಇತಿಹಾಸ.

ಈ ಸಮುದಾಯದ ಮೊದಲಿಗ ಶಾಲೋಮ್ ಕೋಹೆನ್. ಸಿರಿಯಾದ ಅಲೆಪ್ಪೊ ನಗರದ ಈ ಆಭರಣ ವ್ಯಾಪಾರಿ ಸೂರತ್ ಮಾರ್ಗವಾಗಿ 1798ರಲ್ಲಿ ಕಲ್ಕತ್ತಕ್ಕೆ ಬಂದರು. ಅವಧ್ ನವಾಬರ ದರ್ಬಾರಿನಲ್ಲೂ ಅವರಿಗೆ ಸ್ಥಾನ ಸಿಕ್ಕಿತು. ಮುಂದೆ ಬಗ್ದಾದಿನಲ್ಲಿ ದಾವೂದ್ ಪಾಷಾನ ಆಡಳಿತ ಕಠಿಣವಾದಾಗ ಅಲ್ಲಿಂದಲೂ ಅನೇಕ ಕುಟುಂಬಗಳು ಹೊರಟು ಬಂದವು. ಹಾಗಾಗಿ ಇವರಿಗೆ ‘ಬಗ್ದಾದಿ ಯಹೂದಿಗಳು’ ಎಂಬ ಹೆಸರಾಯಿತು. ನೀಲಿ, ರೇಷ್ಮೆ ಹಾಗೂ ಅಫೀಮಿನ ವ್ಯಾಪಾರದಿಂದ ಇವರಲ್ಲಿ ಕೆಲವರು ಭಾರಿ ಶ್ರೀಮಂತರಾದರು. ಅಫೀಮು ಚೀನಾದ ಎಷ್ಟೋ ಮನೆಗಳನ್ನು ಹಾಳು ಮಾಡಿತು ಎಂಬುದನ್ನು ಇತಿಹಾಸ ಬರೆಯುವವರು ಮರೆಮಾಚಬಾರದು. ಆ ಕಾಲದ ಬ್ರಿಟಿಷ್, ಪಾರ್ಸಿ, ಹಿಂದೂ, ಮುಸ್ಲಿಮ್ ವರ್ತಕರೂ ಇದೇ ವ್ಯಾಪಾರದಲ್ಲಿದ್ದರು.

ಭಾಷಾಪ್ರಿಯರಿಗೆ ಒಂದು ಸ್ವಾರಸ್ಯದ ಸಂಗತಿ: ಇವರ ಮನೆಮಾತು ಅರಬ್ಬಿ. ಆದರೆ ಅದನ್ನು ಬರೆಯುತ್ತಿದ್ದುದು ಹೀಬ್ರೂ ಲಿಪಿಯಲ್ಲಿ. 19ನೇ ಶತಮಾನದ ಕೊನೆಯ ದಶಕಗಳಲ್ಲಿ ಕಲ್ಕತ್ತದಿಂದ ಇಂಥ ವಾರಪತ್ರಿಕೆಗಳೂ ಹೊರಡುತ್ತಿದ್ದವು. ಇನ್ನೊಂದು ಪದವನ್ನು ಗಮನಿಸಿ. ನಾವು ‘ಸದಖಾ’ ಎನ್ನುವುದನ್ನು ಅವರು ‘ತ್ಸೆದಾಕಾ’ ಎನ್ನುತ್ತಾರೆ. ಎರಡರ ಮೂಲಧಾತುವೂ ಒಂದೇ. ಹೀಬ್ರೂವಿನಲ್ಲಿ ಅದಕ್ಕೆ ನ್ಯಾಯದ ಅರ್ಥವಿದೆ, ಅರಬ್ಬಿಯಲ್ಲಿ ಸತ್ಯದ ಅರ್ಥವಿದೆ. ಬಡವನಿಗೆ ಕೊಡುವುದು ಕೃಪೆಯಲ್ಲ, ಅದು ಅವನ ಹಕ್ಕು ಎಂಬ ಭಾವನೆ ಇಬ್ಬರಲ್ಲೂ ಇದೆ.

ಆ ಭಾವನೆ ಕಟ್ಟಡಗಳಾಗಿಯೂ ನಿಂತಿತು. ಎಲಿಯಾಸ್ ಡೇವಿಡ್ ಎಜ್ರಾ ತಮ್ಮ ತಂದೆ ಡೇವಿಡ್ ಜೋಸೆಫ್ ಎಜ್ರಾ ಅವರ ಸ್ಮರಣೆಗಾಗಿ 1884ರಲ್ಲಿ ಮಾಘೆನ್ ಡೇವಿಡ್ ಪ್ರಾರ್ಥನಾ ಮಂದಿರವನ್ನು ಕಟ್ಟಿಸಿದರು. ಕೆಂಪು ಇಟ್ಟಿಗೆಯ ಗೋಡೆ, ಎತ್ತರದ ಗೋಪುರ, ಬಣ್ಣದ ಗಾಜಿನ ಕಿಟಕಿಗಳು, ಚೌಕುಳಿಯ ಅಮೃತಶಿಲೆಯ ನೆಲ, ತೂಗುದೀಪಗಳು. ಧರ್ಮಗ್ರಂಥದ ಸುರುಳಿಗಳನ್ನು ಇಡುವ ಸ್ಥಳದ ಮೇಲೆ ನೀಲಿ ಆಕಾಶ, ಅದರಲ್ಲಿ ನಕ್ಷತ್ರಗಳು. ಮನುಷ್ಯರ ಚಿತ್ರವಿಲ್ಲದೆ ಬೆಳಕು, ಬಣ್ಣ, ಅಕ್ಷರಗಳಿಂದಲೇ ಸೌಂದರ್ಯ ಮೂಡಿಸುವ ಕಲೆ ನಮ್ಮ ಮಸೀದಿಗಳನ್ನು ಕಂಡವರಿಗೆ ಹೊಸದೇನಲ್ಲ. ಎಲಿಯಾಸ್ ಅವರು ತೀರಿಕೊಂಡ ಮೇಲೆ ಪತ್ನಿ ಮೊಜೆಲ್ ಅವರು ಗಂಡನ ನೆನಪಿಗೆ ಕಲ್ಕತ್ತ ಮೆಡಿಕಲ್ ಕಾಲೇಜಿನ ಆವರಣದಲ್ಲಿ ಎಜ್ರಾ ಆಸ್ಪತ್ರೆಯನ್ನು ಕಟ್ಟಿಸಿಕೊಟ್ಟರು. ತಂದೆಗೆ ಪ್ರಾರ್ಥನಾ ಮಂದಿರ, ಗಂಡನಿಗೆ ಆಸ್ಪತ್ರೆ: ಸತ್ತವರನ್ನು ನೆನೆಯುವ ಬಗೆ ಅವರಲ್ಲಿ ಹೀಗಿತ್ತು.

ಕಲಾರಂಗದಲ್ಲಿ ಎಸ್ತರ್ ವಿಕ್ಟೋರಿಯಾ ಅಬ್ರಹಾಮ್ ಅವರ ಹೆಸರು ಹೇಳಲೇಬೇಕು. ಇದೇ ಸಮುದಾಯದ ಈ ಮಹಿಳೆ ಶಿಕ್ಷಕಿಯೂ ಆಗಿದ್ದರು. ‘ಪ್ರಮೀಳಾ’ ಎಂಬ ಹೆಸರಿನಲ್ಲಿ ಹಿಂದಿ ಚಿತ್ರಗಳಲ್ಲಿ ನಟಿಸಿ, 1947ರಲ್ಲಿ ಮಿಸ್ ಇಂಡಿಯಾ ಆಗಿ, ಚಿತ್ರ ನಿರ್ಮಾಪಕಿಯೂ ಆದರು. ಅವರು ಮದುವೆಯಾದದ್ದು ‘ಕುಮಾರ್’ ಎಂಬ ಹೆಸರಿನಿಂದ ಪ್ರಸಿದ್ಧರಾದ ನಟ ಸೈಯದ್ ಹಸನ್ ಅಲಿ ಜೈದಿ ಅವರನ್ನು.

ಈಗ ಶಾಲೆಯ ವಿಷಯಕ್ಕೆ ಬರೋಣ. 1881ರಲ್ಲಿ ಯಹೂದಿ ಬಾಲಿಕಾ ಶಾಲೆ ಆರಂಭವಾಯಿತು. ಮಿಷನರಿ ಶಾಲೆಗಳಿಗೆ ಹೋದರೆ ನಮ್ಮ ಹೆಣ್ಣುಮಕ್ಕಳು ನಮ್ಮ ಧರ್ಮದಿಂದ ದೂರವಾದಾರು ಎಂಬ ಭಯವೇ ಅದಕ್ಕೆ ಕಾರಣ. ಇದು ನಮಗೆ ಗೊತ್ತಿರುವ ಭಯವೇ! ಆದರೆ ಆ ಭಯದಿಂದ ಅವರು ಹೆಣ್ಣುಮಕ್ಕಳನ್ನು ಮನೆಯಲ್ಲಿ ಕೂರಿಸಲಿಲ್ಲ, ತಾವೇ ಶಾಲೆ ತೆರೆದರು.

ಎರಡನೇ ಮಹಾಯುದ್ಧದ ಹೊತ್ತಿಗೆ ಬರ್ಮಾದಿಂದ ಬಂದ ನಿರಾಶ್ರಿತರೂ ಸೇರಿ ಸಮುದಾಯದ ಸಂಖ್ಯೆ 5,000ದ ಹತ್ತಿರವಿತ್ತು. 1946ರ ಗಲಭೆಗಳು, 1947ರ ದೇಶವಿಭಜನೆ, ಮರುವರ್ಷ ಇಸ್ರೇಲಿನ ಸ್ಥಾಪನೆ, ವ್ಯಾಪಾರದ ಕುಸಿತ ಎಲ್ಲವೂ ಸೇರಿ ಜನ ಇಂಗ್ಲೆಂಡ್, ಅಮೆರಿಕ, ಆಸ್ಟ್ರೇಲಿಯಾ, ಇಸ್ರೇಲ್‌ಗಳಿಗೆ ಹೊರಟುಹೋದರು. ಇಂದು ಬೆರಳೆಣಿಕೆಯವರು ಮಾತ್ರ ಉಳಿದಿದ್ದಾರೆ. ಸಾಮೂಹಿಕ ಪ್ರಾರ್ಥನೆಗೆ ಅವರ ಪದ್ಧತಿಯಂತೆ ಹತ್ತು ಮಂದಿ ಗಂಡಸರು ಬೇಕು. ಅಷ್ಟು ಜನ ಕೂಡುವುದೇ ಕಷ್ಟ.

ಹಾಗಾದರೆ ಎಲ್ಲವೂ ಮುಗಿಯಿತೇ? ಇಲ್ಲ. ಪಾರ್ಕ್ ಸ್ಟ್ರೀಟ್‌ನಲ್ಲಿರುವ ಆ ಬಾಲಿಕಾ ಶಾಲೆ ಇಂದಿಗೂ ನಡೆಯುತ್ತಿದೆ. ಯಹೂದಿ ವಿದ್ಯಾರ್ಥಿನಿ ಒಬ್ಬಳೂ ಇಲ್ಲ. ಓದುವವರಲ್ಲಿ ಬಹುಪಾಲು ಮುಸ್ಲಿಮ್ ಹೆಣ್ಣುಮಕ್ಕಳು. ದಾವೂದರ ನಕ್ಷತ್ರದ ಬ್ಯಾಡ್ಜ್ ಧರಿಸಿ ನಮ್ಮ ಮಕ್ಕಳು ಅಲ್ಲಿ ಕಲಿಯುತ್ತಿದ್ದಾರೆ. ಪ್ರಾರ್ಥನಾ ಮಂದಿರಗಳ ದೀಪ ಒರೆಸಿ, ನೆಲ ಗುಡಿಸಿ, ಬೀಗದ ಕೈ ಕಾದುಕೊಂಡು ಬಂದವರು ಒಡಿಶಾ ಮೂಲದ ಮುಸ್ಲಿಮ್ ಕುಟುಂಬಗಳವರು, ತಂದೆಯ ನಂತರ ಮಗ ಎಂಬಂತೆ. 2017ರಲ್ಲಿ ಮಂದಿರಗಳು ದುರಸ್ತಿಯಾಗಿ ಮತ್ತೆ ತೆರೆದವು. ಲೇಖಕಿ ಜೇಲ್ ಸಿಲಿಮನ್ ಅವರು ಹಳೆಯ ಚಿತ್ರ, ದಾಖಲೆ, ನೆನಪುಗಳನ್ನು ಸಂಗ್ರಹಿಸಿ ಕಂಪ್ಯೂಟರ್ ಮೂಲಕ ಎಲ್ಲರೂ ನೋಡುವಂತೆ ಮಾಡಿದ್ದಾರೆ.

ಓದುಗ ಬಂಧುಗಳೇ, ಇದರಿಂದ ನಾವು ಕಲಿಯಬೇಕಾದುದು ಎರಡು. ಮೊದಲನೆಯದು, ತಮ್ಮವರಿಗಾಗಿ ಕಟ್ಟಿದ ಶಾಲೆ ನೆರೆಯವರ ಮಕ್ಕಳಿಗೂ ಬಾಗಿಲು ತೆರೆದುದರಿಂದಲೇ ಉಳಿಯಿತು. ಕಟ್ಟಿದವರ ಹೆಸರೂ ಅದರಿಂದಲೇ ಉಳಿಯಿತು. ಸದಖಾ ಜಾರಿಯಾ ಎಂದು ನಾವು ಹೇಳುವುದೂ ಇದನ್ನೇ ಅಲ್ಲವೇ? ಎರಡನೆಯದು, ಚರಿತ್ರೆ ತಾನಾಗಿ ಉಳಿಯುವುದಿಲ್ಲ, ಯಾರಾದರೂ ಬರೆದಿಡಬೇಕು. ನಮ್ಮ ಊರಿನ ಮದರಸಾ, ಶಾಲೆ, ಅನಾಥಾಲಯಗಳಿಗೆ ಜಾಗ ಕೊಟ್ಟವರು ಯಾರು? ಮೊದಲ ಮೇಷ್ಟ್ರು ಯಾರು? ಮೊದಲು ಸೇರಿದ ಹೆಣ್ಣುಮಗಳು ಯಾರು? ಹೇಳಬಲ್ಲ ಹಿರಿಯರು ಇನ್ನೂ ನಮ್ಮ ನಡುವೆ ಇದ್ದಾರೆ. ಒಂದು ನೋಟ್‌ಬುಕ್ ಹಿಡಿದು ಇಂದೇ ಅವರ ಬಳಿಗೆ ಹೋಗಿ.